ಸೈನ್ಯಕ್ಕೆ ಜನ ಸಾಲದಿದ್ದರೆ ದೇಶದ ಕಂಪ್ಯೂಟರ್ ಕಾಯುವವರು ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

ಸೈನ್ಯಕ್ಕೆ ಸೇರುವವರೇ ಇಲ್ಲ ಅನ್ನುವ ಸುದ್ದಿ ಒಂದು ದಿನ, ಯಾವುದೋ ದೇಶದ ಆಸ್ಪತ್ರೆಗಳ ಕಂಪ್ಯೂಟರ್ ಲಾಕ್ ಆಯ್ತು ಅನ್ನುವ ಸುದ್ದಿ ಮರುದಿನ. ಎರಡನ್ನೂ ಓದಿದವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಸೈನಿಕನಲ್ಲ. ಕೆಲವು ವರ್ಷ ರಾತ್ರಿ ಪಾಳಿಯಲ್ಲಿ ಅಲರ್ಟ್, ಅಂದರೆ ಕಂಪ್ಯೂಟರ್‌ಗಳಲ್ಲಿ ಏನೋ ಸರಿಯಿಲ್ಲ ಅನ್ನುವ ಎಚ್ಚರಿಕೆ, ನೋಡುತ್ತಾ ಕೂತವನು, ಅಷ್ಟೇ. ಉತ್ತರಗಳು ಸ್ವಲ್ಪ ಆ ಕುರ್ಚಿಯಿಂದ ನೋಡಿದ ಹಾಗೇ ಇರುತ್ತವೆ.

ಗಡಿ ಕಾಯುವವರು ಕಡಿಮೆ ಆದರೆ ಸೈಬರ್ ಭದ್ರತೆಗೆ ಏನಾಗಬೇಕು? ಅವು ಬೇರೆ ಬೇರೆ ಕೆಲಸ ಅಲ್ವಾ?

ಕೆಲಸ ಬೇರೆ, ಆದರೆ ಜನ ಒಳಗೆ ಬರುವ ಬಾಗಿಲು ಒಂದೇ. ಬಹಳಷ್ಟು ದೇಶಗಳಲ್ಲಿ ಬಂದೂಕು ಹಿಡಿಯುವವನಿಗೂ ಕೀಬೋರ್ಡ್ ಹಿಡಿಯುವವನಿಗೂ ಅದೇ ನೇಮಕಾತಿ ಕಚೇರಿ, ಅದೇ ವಯಸ್ಸಿನ ಮಿತಿ, ಅದೇ ವೈದ್ಯಕೀಯ ಪರೀಕ್ಷೆ, ಅದೇ ಓಟ. ಆ ಬಾಗಿಲಲ್ಲಿ ಸಾಲು ಚಿಕ್ಕದಾದರೆ ಸೈಬರ್ ಘಟಕದ ಪಾಲೂ ಚಿಕ್ಕದಾಗುತ್ತದೆ.

ಇನ್ನೊಂದು ವಿಷಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಘಟಕದಲ್ಲಿ ಜನ ಕಡಿಮೆ ಇದ್ದಾಗ ಕಾವಲು, ಕಡತ, ಪರೇಡ್ ತಯಾರಿ ಎಲ್ಲವೂ ಇದ್ದವರ ತಲೆ ಮೇಲೇ ಬೀಳುತ್ತವೆ. ಆವತ್ತು ಸರ್ವರ್‌ಗೆ ಪ್ಯಾಚ್, ಅಂದರೆ ಸಾಫ್ಟ್‌ವೇರಿನ ತೂತು ಮುಚ್ಚುವ ತಿದ್ದುಪಡಿ, ಹಾಕಬೇಕಾದವನು ಬೇರೆಲ್ಲೋ ನಿಂತಿರುತ್ತಾನೆ. ಒಂದು ಪ್ಯಾಚ್ ತಾನೇ, ನಾಳೆ ಹಾಕಿದರಾಯ್ತು ಅನ್ನಿಸುತ್ತದೆ. 2017ರ ಮೇ 12ರಂದು ಕಂಪ್ಯೂಟರ್ ಲಾಕ್ ಮಾಡಿ ಹಣ ಕೇಳುವ ವನ್ನಾಕ್ರೈ ಎಂಬ ವೈರಸ್ ಹರಡಿದಾಗ ಅದನ್ನು ತಡೆಯುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಾಗಿತ್ತು. ಎರಡು ತಿಂಗಳ 'ನಾಳೆ' ಅದು. ಹಾಕದೇ ಇದ್ದವರಲ್ಲಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಇದ್ದವು.

ಕೊರತೆ ನಿಜಾನಾ, ಇಲ್ಲ ಬಜೆಟ್ ಜಾಸ್ತಿ ಕೇಳೋಕೆ ಹೇಳುವ ಮಾತಾ?

ಎರಡೂ ಇದೆ. ಆದರೆ ಕೊರತೆಯಂತೂ ನಿಜ. 2022ರಲ್ಲಿ ಅಮೆರಿಕದ ಭೂಸೇನೆಗೆ 60,000 ಹೊಸಬರು ಬೇಕಿತ್ತು, ಸಿಕ್ಕಿದ್ದು 45,000ದ ಆಸುಪಾಸು. ಜಪಾನಿನ ಆತ್ಮರಕ್ಷಣಾ ಪಡೆ (ಅಲ್ಲಿನ ಸೈನ್ಯಕ್ಕೆ ಅದೇ ಹೆಸರು) 2023ರ ಸಾಲಿನಲ್ಲಿ 19,598 ಜನರನ್ನು ತೆಗೆದುಕೊಳ್ಳಬೇಕೆಂದು ಹೊರಟು 9,959 ಜನರಿಗೆ ನಿಂತಿತು. ಹತ್ತಿರ ಹತ್ತಿರ ಅರ್ಧ. ಜರ್ಮನಿ 2011ರಲ್ಲಿ ಕಡ್ಡಾಯ ಸೇನಾ ಸೇವೆ ನಿಲ್ಲಿಸಿತು. ಆಮೇಲೆ 2,03,000 ಅನ್ನುವ ಗುರಿ ಇಟ್ಟುಕೊಂಡರೂ ಸಂಖ್ಯೆ ವರ್ಷಗಟ್ಟಲೆ 1,80,000ದ ಸುತ್ತಮುತ್ತಲೇ ಸುತ್ತುತ್ತಿತ್ತು.

ಕಾರಣಗಳು ಒಂದೊಂದು ಕಡೆ ಒಂದೊಂದು. ಜಪಾನಿನಲ್ಲಿ ಹುಟ್ಟುವ ಮಕ್ಕಳೇ ಕಡಿಮೆ. ಅಮೆರಿಕದಲ್ಲಿ 17ರಿಂದ 24 ವಯಸ್ಸಿನವರಲ್ಲಿ ಶೇ. 77ರಷ್ಟು ಜನ ವಿನಾಯಿತಿ ಇಲ್ಲದೆ ಸೇರಲು ಅರ್ಹರೇ ಅಲ್ಲ ಎಂದು ಅಲ್ಲಿನ ರಕ್ಷಣಾ ಇಲಾಖೆಯೇ ಹೇಳಿತ್ತು. ತೂಕ, ಮಾದಕ ವಸ್ತು, ದೈಹಿಕ ಅಥವಾ ಮಾನಸಿಕ ಆರೋಗ್ಯ, ಹೀಗೆ.

ಹೊರಗಿನ ಮಾರುಕಟ್ಟೆಯಲ್ಲೂ ಸೈಬರ್ ಜನ ಹೇರಳವಾಗಿ ಬಿದ್ದಿಲ್ಲ. ಐಎಸ್‌ಸಿ2 ಸಂಸ್ಥೆ 2023ರಲ್ಲಿ ಜಗತ್ತಿಗೆ ಇನ್ನೂ 40 ಲಕ್ಷ ಸೈಬರ್ ಭದ್ರತಾ ಕೆಲಸಗಾರರು ಬೇಕು ಎಂದು ಅಂದಾಜು ಮಾಡಿತು. ಆ ಸಂಸ್ಥೆಯ ಕೆಲಸವೇ ಇದೇ ಕ್ಷೇತ್ರದ ಸರ್ಟಿಫಿಕೇಟ್ ಕೊಡುವುದು, ಹಾಗಾಗಿ ನಾನಂತೂ ಆ ಸಂಖ್ಯೆಯನ್ನು ಸ್ವಲ್ಪ ಕಳೆದುಕೊಂಡೇ ಓದುತ್ತೇನೆ. ಅರ್ಧ ಕಳೆದರೂ ದೊಡ್ಡದೇ.

2024ರಲ್ಲಿ ಅಮೆರಿಕದ ಭೂಸೇನೆ ಗುರಿ ಮುಟ್ಟಿತಲ್ಲ? ಸಮಸ್ಯೆ ಮುಗೀತಲ್ವಾ?

ಮುಟ್ಟಿತು, 55,000. ಹಿಂದಿನ ವರ್ಷದ ಗುರಿ 65,000 ಇತ್ತು ಅನ್ನುವುದನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಅದಿರಲಿ. ಒಬ್ಬ ಹುಡುಗ ಇವತ್ತು ಸಹಿ ಹಾಕಿದ ಅಂದರೆ ನಾಳೆ ಅವನು ನೆಟ್‌ವರ್ಕ್ ಕಾಯುವುದಿಲ್ಲ. ಮೊದಲು ಮೂಲ ತರಬೇತಿ, ಆಮೇಲೆ ಕಂಪ್ಯೂಟರ್ ತರಬೇತಿ, ಆಮೇಲೆ ರಹಸ್ಯ ಮಾಹಿತಿ ನೋಡಲು ಹಿನ್ನೆಲೆ ತಪಾಸಣೆ, ಆಮೇಲೆ ಹಳಬರ ಪಕ್ಕ ಕೂತು ಕಲಿಯುವುದು. ಅಮೆರಿಕದ ಸೈನ್ಯದ ಸೈಬರ್ ವಿಭಾಗವಾದ ಸೈಬರ್ ಕಮಾಂಡ್‌ನಲ್ಲಿ ಎದುರಾಳಿಯ ನೆಟ್‌ವರ್ಕ್ ಒಳಗೆ ಹೋಗಿ ಕೆಲಸ ಮಾಡುವ ಕೆಲವು ಹುದ್ದೆಗಳ ತರಬೇತಿಗೇ ಒಂದು ವರ್ಷ ಅಥವಾ ಇನ್ನೂ ಜಾಸ್ತಿ ಬೇಕು, ತಲಾ ಖರ್ಚು 2,20,000ದಿಂದ 5,00,000 ಡಾಲರ್ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು ಅಂದಾಜು ಮಾಡಿದ್ದಾರೆ. ತಮಾಷೆ ಏನೆಂದರೆ, ಇಷ್ಟು ಸುರಿದ ಮೇಲೆ ಆ ಮನುಷ್ಯ ಎಷ್ಟು ವರ್ಷ ಉಳಿಯಬೇಕು ಅನ್ನುವ ಷರತ್ತನ್ನು ನೌಕಾಪಡೆ ಮತ್ತು ವಾಯುಪಡೆ ಬರೆದಿಟ್ಟಿದ್ದವು, ಭೂಸೇನೆ ಮತ್ತು ಮರೀನ್ ಪಡೆ ಸ್ಪಷ್ಟವಾಗಿ ಬರೆದೇ ಇರಲಿಲ್ಲ. ತೂತು ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಬಿಟ್ಟು ಹೋಗೋದು ಸಂಬಳಕ್ಕೇ ತಾನೇ?

ಸಂಬಳ ಒಂದು ಕಾರಣ, ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹೊರಗೆ ದುಪ್ಪಟ್ಟು ಸಿಗುವಾಗ ದೇಶಭಕ್ತಿಯೊಂದನ್ನೇ ನಂಬಿ ಕೂರುವುದು ಯೋಜನೆ ಅಲ್ಲ.

ಆದರೆ ನಾನು ಕಂಡ ಹಾಗೆ ಅದಕ್ಕಿಂತ ಹೆಚ್ಚು ಕಾಡುವುದು ಬಡ್ತಿ ಮತ್ತು ವರ್ಗಾವಣೆ. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಸೇನೆಯಿಂದ ಬಂದವರು. ಸಂಬಳಕ್ಕೆ ಬಿಡಲಿಲ್ಲ, ಬಡ್ತಿ ಕೊಟ್ಟರು ಅಂತಲೇ ಬಿಟ್ಟೆ ಅನ್ನುತ್ತಿದ್ದರು. ಮಾಲ್‌ವೇರ್, ಅಂದರೆ ಹಾನಿ ಮಾಡುವ ಸಾಫ್ಟ್‌ವೇರ್, ಬಿಚ್ಚಿ ನೋಡುವುದರಲ್ಲಿ ಅವರದು ಎತ್ತಿದ ಕೈ. ಒಂದು ಮೆಟ್ಟಿಲು ಮೇಲೆ ಹೋದ ತಕ್ಷಣ ಅವರ ದಿನವೆಲ್ಲ ರಜೆ ಅರ್ಜಿಗೆ ಸಹಿ ಹಾಕುವುದರಲ್ಲಿ ಕಳೆಯತೊಡಗಿತು. ಸೈನ್ಯದ ಏಣಿ ಕಟ್ಟಿರುವುದೇ ಜನರನ್ನು ಮುನ್ನಡೆಸುವವರಿಗೆ. ಒಂದೇ ಕೆಲಸವನ್ನು ಇಪ್ಪತ್ತು ವರ್ಷ ಆಳವಾಗಿ ಮಾಡುತ್ತೇನೆ ಅನ್ನುವವನಿಗೆ ಅದರಲ್ಲಿ ಜಾಗ ಕಡಿಮೆ.

ಇದು ಸೈನ್ಯಗಳಿಗೂ ಗೊತ್ತಾಗಿದೆ. 2024ರಲ್ಲಿ ಅಮೆರಿಕದ ವಾಯುಪಡೆ ದಶಕಗಳ ಹಿಂದೆ ನಿಲ್ಲಿಸಿದ್ದ ವಾರಂಟ್ ಆಫೀಸರ್ ದರ್ಜೆಯನ್ನು ಐಟಿ ಮತ್ತು ಸೈಬರ್ ಕೆಲಸದವರಿಗಾಗಿ ವಾಪಸ್ ತಂದಿತು. ಕಮಾಂಡ್ ಮಾಡದೆ ಕೆಲಸದಲ್ಲೇ ಬೆಳೆಯಬಹುದು ಅನ್ನುವ ದಾರಿ ಅದು. ಬ್ರಿಟನ್ 2025ರಲ್ಲಿ ಸೈಬರ್‌ಗೆ ಬರುವವರಿಗೆ ಹತ್ತು ವಾರದ ಮೂಲ ತರಬೇತಿಯನ್ನು ಒಂದು ತಿಂಗಳಿನಷ್ಟಕ್ಕೆ ಇಳಿಸಿತು. ಜಪಾನ್ ಕೂದಲಿನ ನಿಯಮವನ್ನೇ ಸಡಿಲಿಸಿತು. ನಗಬೇಡಿ, ಅದಕ್ಕೂ ಬೆಲೆ ಇದೆ.

ಕಾಯೋಕೆ ಎಷ್ಟು ಜನ ಬೇಕು? ಹತ್ತು ಜನ ಬುದ್ಧಿವಂತರು ಸಾಲಲ್ವಾ?

ಸಿನಿಮಾದಲ್ಲಿ ಸಾಲುತ್ತಾರೆ. ನಿಜದಲ್ಲಿ ಒಂದು ಕುರ್ಚಿಯ ಲೆಕ್ಕ ಹಾಕೋಣ. ಒಂದು ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 40 ಗಂಟೆ ಕೂತರೆ ಆ ಒಂದು ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳಲು ನಾಲ್ಕು ಜನಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ರಜೆ, ಜ್ವರ, ತರಬೇತಿ ಸೇರಿಸಿದರೆ ಐದಾರು. ಹತ್ತು ಕುರ್ಚಿಗೆ ಐವತ್ತು ಅರವತ್ತು ಜನ. ಇದು ಬರೀ ನೋಡುವವರು. ಏನಾದರೂ ಕಂಡರೆ ಓಡಿಹೋಗಿ ಸರಿ ಮಾಡುವವರು ಬೇರೆ.

ಬೆಳಗಿನ ಜಾವ ಮೂರೂವರೆಗೆ ಆ ಕುರ್ಚಿ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಪರದೆಯ ತುಂಬ ಸಾಲು ಸಾಲು ಅಲರ್ಟ್, ಹೆಚ್ಚಿನವು ಸುಳ್ಳು. ಯಾರೋ ಪಾಸ್‌ವರ್ಡ್ ಮರೆತು ಐದು ಸಲ ಒತ್ತಿದ್ದಾರೆ. ಯಾವುದೋ ಪ್ರಿಂಟರ್ ಸುಮ್ನೆ ಕೂಗುತ್ತಿದೆ. ಮುನ್ನೂರನೇ ಸುಳ್ಳು ಅಲರ್ಟ್ ಮುಚ್ಚುವ ಹೊತ್ತಿಗೆ ಬೆರಳಿಗೆ ಒಂದು ಚಟ ಹತ್ತಿರುತ್ತದೆ: ತೆರೆ, ನೋಡು, ಮುಚ್ಚು. ಒಂದು ರಾತ್ರಿ ಇಬ್ಬರು ಇರಬೇಕಾದ ಕಡೆ ನಾನೊಬ್ಬನೇ ಇದ್ದೆ, ನಿಜವಾದ ಒಂದನ್ನೂ ಹಾಗೇ ಮುಚ್ಚಿಬಿಟ್ಟೆ. ಬೆಳಗ್ಗೆ ಬಂದ ಸಹೋದ್ಯೋಗಿ ಹಿಡಿದರು, ದೊಡ್ಡ ಹಾನಿ ಆಗಲಿಲ್ಲ. ಜನ ಕಡಿಮೆ ಅಂದರೆ ನನಗೆ ಮೊದಲು ನೆನಪಾಗುವುದು ಅಂಕಿ ಅಂಶ ಅಲ್ಲ, ಆ ಬೆರಳು.

ಕಡ್ಡಾಯ ಸೇನಾ ಸೇವೆ ತಂದರೆ ಎಲ್ಲ ಸರಿಹೋಗಲ್ವಾ?

ಇಸ್ರೇಲ್ ಮಾಡುತ್ತದೆ. ಹೈಸ್ಕೂಲಿನಲ್ಲೇ ಚುರುಕಾದವರನ್ನು ಗುರುತಿಸಿ 8200 ಎಂಬ ಸೇನಾ ಗುಪ್ತಚರ ಘಟಕಕ್ಕೆ ತೆಗೆದುಕೊಳ್ಳುತ್ತದೆ. ಸಿಂಗಾಪುರ 2018ರಲ್ಲಿ ಕಡ್ಡಾಯ ಸೇವೆಗೆ ಬಂದ ಹುಡುಗರಲ್ಲಿ ಸೈಬರ್ ಕೌಶಲ ಇರುವವರಿಗೆ ಬೇರೆ ದಾರಿ ಮಾಡಿತು. ಆಯ್ದ ಕೆಲವರು ಸ್ವಲ್ಪ ಹೆಚ್ಚು ಕಾಲ ಇರುತ್ತಾರೆ, ಸೇವೆಯ ಜೊತೆಗೇ ಓದೂ ನಡೆಯುತ್ತದೆ. 2022ರಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳ ಪಕ್ಕದಲ್ಲಿ ನಾಲ್ಕನೆಯದಾಗಿ ಡಿಜಿಟಲ್ ಮತ್ತು ಗುಪ್ತಚರ ಪಡೆಯನ್ನೇ ಕಟ್ಟಿತು.

ಇವೆರಡೂ ಚಿಕ್ಕ ದೇಶಗಳು, ಕಡ್ಡಾಯ ಸೇವೆ ಅಲ್ಲಿ ದಶಕಗಳಿಂದ ನಡೆದು ಬಂದಿದೆ. ಜನರನ್ನು ಹುಡುಕುವ, ಜರಡಿ ಹಿಡಿಯುವ, ಸೇವೆ ಮುಗಿದ ಮೇಲೂ ನಂಟು ಉಳಿಸಿಕೊಳ್ಳುವ ಏರ್ಪಾಡು ಮೊದಲೇ ಇತ್ತು. ಅದಿಲ್ಲದೆ ಬರೀ ಕಾನೂನು ತಂದರೆ ಒಂದು ವರ್ಷಕ್ಕೆ ಬಂದು ಹೋಗುವ ಹುಡುಗರು ಸಿಗುತ್ತಾರೆ. ಒಂದು ವರ್ಷದಲ್ಲಿ ಈ ಕೆಲಸದ ಬಾಗಿಲು ಎಲ್ಲಿದೆ ಅಂತ ಗೊತ್ತಾಗುತ್ತದೆ, ಅಷ್ಟೇ.

ಮೀಸಲು ಪಡೆ ಇದೆಯಲ್ಲ? ಐಟಿ ಕಂಪನಿಗಳಲ್ಲಿ ಇರುವವರನ್ನು ಬೇಕಾದಾಗ ಕರೆದರಾಯ್ತು.

ಎಲ್ಲರೂ ಹೇಳುವ ಪರಿಹಾರ ಇದೇ. ನನಗೆ ಜಾಸ್ತಿ ಚಿಂತೆ ಇರುವುದೂ ಇದರ ಬಗ್ಗೆಯೇ.

ಒಬ್ಬಾಕೆಯನ್ನು ಊಹಿಸಿಕೊಳ್ಳಿ. ವಾರದ ಐದು ದಿನ ವಿದ್ಯುತ್ ಕಂಪನಿಯಲ್ಲಿ ಭದ್ರತಾ ಇಂಜಿನಿಯರ್. ತಿಂಗಳಿಗೊಂದು ವಾರಾಂತ್ಯ ಮೀಸಲು ಪಡೆಯ ಸೈಬರ್ ತಂಡದಲ್ಲಿ. ವಿದ್ಯುತ್ ಕಂಪನಿಯ ತುರ್ತು ಯೋಜನೆಯಲ್ಲಿ ಆಕೆಯ ಹೆಸರಿದೆ. ಸೈನ್ಯದ ತುರ್ತು ಯೋಜನೆಯಲ್ಲೂ ಇದೆ. ಎರಡು ಕಡೆಯವರೂ ಕಾಗದದ ಮೇಲೆ ನಮ್ಮಲ್ಲಿ ಜನ ಇದ್ದಾರೆ ಎಂದು ಬರೆದುಕೊಂಡಿದ್ದಾರೆ. ದೊಡ್ಡ ದಾಳಿ ಆದ ದಿನ ಆಕೆಗೆ ಎರಡೂ ಕಡೆಯಿಂದ ಫೋನ್ ಬರುತ್ತದೆ. ಸೈನ್ಯ ಕರೆದರೆ ಕಾನೂನು ಪ್ರಕಾರ ಹೋಗಲೇಬೇಕು. ದಾಳಿಕೋರನಿಗೆ ಬೇಕಾಗಿದ್ದೂ ಅದೇ, ಸಬ್‌ಸ್ಟೇಷನ್ ಕಾಯುವವಳು ಸಬ್‌ಸ್ಟೇಷನ್ ಬಿಟ್ಟು ಹೋಗಬೇಕು.

ಒಬ್ಬಳನ್ನೇ ಎರಡು ಕಡೆ ಎಣಿಸುವ ಈ ಲೆಕ್ಕ ಸುಮ್ನೆ ಕಲ್ಪನೆ ಅಲ್ಲ. ಪರಿಣತರು ಕಡಿಮೆ ಇರುವ ಯಾವ ದೇಶದಲ್ಲೂ ಮೀಸಲು ಪಡೆಗೆ ಬರುವವರು ಎಲ್ಲೋ ಒಂದು ಕಡೆ ಮುಖ್ಯ ಕೆಲಸದಲ್ಲಿ ಇದ್ದವರೇ ಆಗಿರುತ್ತಾರೆ. ನಿಮ್ಮ ದೇಶದ ಸೈಬರ್ ಮೀಸಲು ಪಡೆಯ ಸಂಖ್ಯೆ ಕೇಳಿ ಖುಷಿ ಪಡುವ ಮೊದಲು ಕೇಳಬೇಕಾದದ್ದು ಒಂದೇ: ಇವರು ಹಗಲು ಹೊತ್ತು ಎಲ್ಲಿ ಕೆಲಸ ಮಾಡುತ್ತಾರೆ?

ಹಾಗಾದರೆ ಎಸ್ಟೋನಿಯಾ ಹೇಗೆ ಮಾಡಿತು?

2007ರ ಏಪ್ರಿಲ್ ಕೊನೆಯಲ್ಲಿ, ಟ್ಯಾಲಿನ್ ನಗರದ ಸೋವಿಯತ್ ಕಾಲದ ಒಂದು ಸ್ಮಾರಕವನ್ನು ಜಾಗ ಬದಲಿಸಿದ ಗಲಾಟೆಯ ನಡುವೆ, ಎಸ್ಟೋನಿಯಾದ ಬ್ಯಾಂಕು, ಪತ್ರಿಕೆ, ಸರ್ಕಾರಿ ವೆಬ್‌ಸೈಟುಗಳ ಮೇಲೆ ವಾರಗಟ್ಟಲೆ ದಾಳಿ ನಡೆಯಿತು. ಬರೀ 13 ಲಕ್ಷ ಜನ ಇರುವ ದೇಶ. ಆಗ ನಿಂತು ಕಾಪಾಡಿದವರಲ್ಲಿ ಹೆಚ್ಚಿನವರು ಸೈನಿಕರಲ್ಲ. ಬ್ಯಾಂಕಿನವರು, ಇಂಟರ್‌ನೆಟ್ ಕಂಪನಿಯವರು, ಒಬ್ಬರಿಗೊಬ್ಬರು ಮೊದಲೇ ಪರಿಚಯ ಇದ್ದವರು. ಆ ಪರಿಚಯಕ್ಕೇ ಆಮೇಲೆ ಒಂದು ರೂಪ ಕೊಟ್ಟು ಸ್ವಯಂಸೇವಕರ ರಕ್ಷಣಾ ದಳದ ಒಳಗೆ ಸೈಬರ್ ಘಟಕ ಮಾಡಿದರು. 2008ರಲ್ಲಿ ನ್ಯಾಟೋದ ಸೈಬರ್ ರಕ್ಷಣಾ ಕೇಂದ್ರವೂ ಟ್ಯಾಲಿನ್‌ಗೇ ಬಂತು. ಅದು ಪ್ರತಿ ವರ್ಷ ಲಾಕ್ಡ್ ಶೀಲ್ಡ್ಸ್ ಎಂಬ ದೊಡ್ಡ ಅಭ್ಯಾಸ ನಡೆಸುತ್ತದೆ.

ಅಲ್ಲಿ ನನಗೆ ಹಿಡಿಸಿದ್ದು ಸ್ವಯಂಸೇವಕರು ಅನ್ನುವುದಲ್ಲ. ದಾಳಿ ಆಗುವ ಮೊದಲೇ ಒಬ್ಬರ ಫೋನ್ ನಂಬರ್ ಇನ್ನೊಬ್ಬರ ಹತ್ತಿರ ಇತ್ತು ಅನ್ನುವುದು. ಯುದ್ಧಕಾಲೇ ಶಸ್ತ್ರಾಭ್ಯಾಸ ಮಾಡುವವರು ಮೊದಲ ದಿನವನ್ನು ಬರೀ ಯಾರನ್ನು ಕೇಳಬೇಕು ಅಂತ ಹುಡುಕುವುದರಲ್ಲೇ ಕಳೆಯುತ್ತಾರೆ.

ವಿದ್ಯುತ್, ಆಸ್ಪತ್ರೆ, ಬ್ಯಾಂಕ್ ಇವನ್ನೆಲ್ಲ ಕಾಯೋದು ಸೈನ್ಯದ ಕೆಲಸ ಅಲ್ವಾ?

ಹೆಚ್ಚಿನ ದೇಶಗಳಲ್ಲಿ ಅಲ್ಲ. ಸೈನ್ಯದ ಸೈಬರ್ ಪಡೆ ಮೊದಲು ತನ್ನ ನೆಟ್‌ವರ್ಕ್ ಕಾಯುತ್ತದೆ, ಆಮೇಲೆ ಹೊರಗಿನ ಶತ್ರುವಿನ ಕಡೆ ನೋಡುತ್ತದೆ. ಅಮೆರಿಕದ ಸೈಬರ್ ಕಮಾಂಡ್ ಮೊದಲು ಕಟ್ಟಿದ್ದು 133 ತಂಡ, ಸುಮಾರು 6,200 ಜನ. ಅಷ್ಟು ದೊಡ್ಡ ದೇಶಕ್ಕೆ ಅಷ್ಟೇ. ಅವರು ನಿಮ್ಮ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವುದಿಲ್ಲ.

ಉಕ್ರೇನಿನ 2015ರ ಡಿಸೆಂಬರ್ 23 ನೋಡಿ. ವಿದ್ಯುತ್ ವಿತರಣಾ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಕೂತವರ ಕಣ್ಣೆದುರೇ ಪರದೆ ಮೇಲಿನ ಮೌಸ್ ಬಾಣ ತಾನಾಗೇ ಓಡಾಡತೊಡಗಿತು. ಒಂದೊಂದೇ ಸಬ್‌ಸ್ಟೇಷನ್ನಿನ ಬ್ರೇಕರ್ (ಕರೆಂಟ್ ಕಡಿಯುವ ಸ್ವಿಚ್) ಮೇಲೆ ಹೋಗಿ ಕ್ಲಿಕ್ ಮಾಡಿ ಬಂದ್ ಮಾಡಿತು. ಇವರು ಮೌಸ್ ಹಿಡಿದು ಎಳೆದರೂ ಕೇಳಲಿಲ್ಲ. ಲಾಗಿನ್‌ನಿಂದ ಇವರನ್ನೇ ಹೊರಗೆ ಹಾಕಿತು, ಪಾಸ್‌ವರ್ಡ್ ಬದಲಾಗಿತ್ತು. ಮೂರು ಕಂಪನಿಗಳ ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದೂರು ಕೇಳುವ ಫೋನ್ ಲೈನಿಗೂ ಸುಳ್ಳು ಕರೆಗಳ ಮಳೆ. ದಾಳಿಕೋರರು ತಿಂಗಳುಗಳ ಹಿಂದೆಯೇ ಒಂದು ಇಮೇಲ್ ಅಟ್ಯಾಚ್‌ಮೆಂಟ್ ಮೂಲಕ ಒಳಗೆ ಬಂದು ಕೂತಿದ್ದರು.

ಕರೆಂಟ್ ವಾಪಸ್ ಬಂದಿದ್ದು ಕೆಲವೇ ಗಂಟೆಗಳಲ್ಲಿ. ಹೇಗೆ? ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿದರು. ಅಲ್ಲಿ ಇನ್ನೂ ಕೈಯಿಂದ ನಡೆಸುವ ಏರ್ಪಾಡು ಇತ್ತು, ಅದನ್ನು ಬಲ್ಲ ಜನ ಸಂಬಳದ ಪಟ್ಟಿಯಲ್ಲಿ ಇದ್ದರು. ಎಲ್ಲ ಆಟೊಮ್ಯಾಟಿಕ್ ಆಯ್ತು ಅಂತ ಆ ಜನರನ್ನು ಕಡಿಮೆ ಮಾಡಿದ ಕಡೆ ಇಷ್ಟು ಬೇಗ ಆಗುತ್ತಿತ್ತಾ? ನನಗೆ ಅನುಮಾನ. ಅವರಲ್ಲಿ ಯಾರನ್ನೂ ಯಾವ ಸೈಬರ್ ಕೊರತೆಯ ಪಟ್ಟಿಯಲ್ಲೂ ಎಣಿಸುವುದಿಲ್ಲ.

ಸೈನ್ಯವೇ ಇಲ್ಲದ ದೇಶ ಏನು ಮಾಡುತ್ತೆ?

ಕೋಸ್ಟರಿಕಾ 1948ರಲ್ಲೇ ಸೈನ್ಯವನ್ನು ರದ್ದು ಮಾಡಿತು. 2022ರ ಏಪ್ರಿಲ್‌ನಲ್ಲಿ ಕಾಂಟಿ ಎಂಬ ಸುಲಿಗೆ ಗುಂಪು ಅಲ್ಲಿನ ಹಣಕಾಸು ಸಚಿವಾಲಯದ ಒಳಗೆ ನುಗ್ಗಿ ತೆರಿಗೆ, ಕಸ್ಟಮ್ಸ್ ವ್ಯವಸ್ಥೆಯನ್ನೇ ನಿಲ್ಲಿಸಿತು. ಮೇ 8ರಂದು ಅಧಿಕಾರಕ್ಕೆ ಬಂದ ರೊಡ್ರಿಗೊ ಚಾವೆಸ್ ಅದೇ ದಿನ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದರು. ತಿಂಗಳ ಕೊನೆಗೆ ಇನ್ನೊಂದು ಗುಂಪು ಆರೋಗ್ಯ ವ್ಯವಸ್ಥೆಗೆ ಕೈ ಹಾಕಿತು, ವೈದ್ಯರು ಕಾಗದ ಪೆನ್ನು ಹಿಡಿದರು. ಮರುವರ್ಷ ಅಮೆರಿಕ ಸೈಬರ್ ಭದ್ರತೆಗೆಂದು 2.5 ಕೋಟಿ ಡಾಲರ್ ನೆರವು ಘೋಷಿಸಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು.

ಸೈನ್ಯ ಇದ್ದಿದ್ದರೆ ತಪ್ಪುತ್ತಿತ್ತಾ? ಅನಿಸುವುದಿಲ್ಲ. ಬ್ರಿಟನ್ನಿಗೆ ಸೈನ್ಯ ಇತ್ತು, ವನ್ನಾಕ್ರೈ ದಿನ ಆಸ್ಪತ್ರೆಗಳಿಗೆ ಅದರಿಂದ ಏನೂ ಆಗಲಿಲ್ಲ.

ಎಐ ಬಂತಲ್ಲ, ಇನ್ನು ಜನ ಯಾಕೆ?

ಆ ಮುನ್ನೂರು ಸುಳ್ಳು ಅಲರ್ಟ್‌ಗಳನ್ನು ಎಐ ನೋಡಿಕೊಳ್ಳಲಿ, ನಾನೇ ಮೊದಲು ಕೈ ಮುಗಿಯುತ್ತೇನೆ. ಆ ಕೆಲಸಕ್ಕೆ ಅದು ನಿಜಕ್ಕೂ ಉಪಯೋಗ.

ಆದರೆ 2020ರಲ್ಲಿ ಸೋಲಾರ್‌ವಿಂಡ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪ್ರಕರಣ ಹೇಗೆ ಬಯಲಾಯಿತು ಗೊತ್ತಾ? ಕಲಬೆರಕೆ ಆದ ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಸುಮಾರು 18,000 ಕಡೆ ಹೋಗಿತ್ತು, ಅಮೆರಿಕದ ಸರ್ಕಾರಿ ಇಲಾಖೆಗಳೂ ಸೇರಿ. ತಿಂಗಳುಗಟ್ಟಲೆ ಯಾವ ದುಬಾರಿ ಯಂತ್ರಕ್ಕೂ ಗೊತ್ತಾಗಲಿಲ್ಲ. ಕೊನೆಗೆ ಫೈರ್‌ಐ ಎಂಬ ಸೈಬರ್ ಭದ್ರತಾ ಕಂಪನಿಯಲ್ಲಿ ಒಬ್ಬ ಉದ್ಯೋಗಿಯ ಖಾತೆಗೆ, ಲಾಗಿನ್ ಖಚಿತಪಡಿಸುವುದಕ್ಕೆ ಎರಡನೇ ಫೋನ್ ನೋಂದಣಿ ಆಗಿದೆ ಅಂತ ಒಂದು ಚಿಕ್ಕ ಅಲರ್ಟ್ ಬಂತು. ದಿನಾ ಬರುವಂಥದ್ದೇ. ನೋಡುತ್ತಿದ್ದವರು ಅದನ್ನು ಮುಚ್ಚಲಿಲ್ಲ. ಇದು ನಿಮ್ಮದೇನಾ ಎಂದು ಆ ಉದ್ಯೋಗಿಯನ್ನೇ ಕೇಳಿದರು. ಅಲ್ಲ ಅನ್ನುವ ಉತ್ತರ ಬಂತು. ಎಲ್ಲ ಬಿಚ್ಚಿಕೊಂಡಿದ್ದು ಅಲ್ಲಿಂದ. ಹಾಗೆ ಕೇಳುವಷ್ಟು ಪುರುಸೊತ್ತು ಆವತ್ತು ಆ ಕುರ್ಚಿಯಲ್ಲಿ ಇದ್ದವರಿಗೆ ಇತ್ತು.

ದೇಶಭಕ್ತ ಹ್ಯಾಕರ್‌ಗಳನ್ನು ಒಟ್ಟುಗೂಡಿಸಿದರೆ ಸಾಕಲ್ಲ, ಉಕ್ರೇನ್ ಮಾಡಿದ ಹಾಗೆ?

2022ರ ಫೆಬ್ರವರಿ 26ರಂದು ಉಕ್ರೇನಿನ ಮಂತ್ರಿ ಮಿಖೈಲೊ ಫೆಡೊರೊವ್ ಟೆಲಿಗ್ರಾಂ ಮೂಲಕ 'ಐಟಿ ಸೇನೆ'ಗೆ ಕರೆ ಕೊಟ್ಟರು. ಜಗತ್ತಿನ ಎಲ್ಲೆಲ್ಲಿಂದಲೋ ಜನ ಸೇರಿದರು. ಎದುರಾಳಿಯ ವೆಬ್‌ಸೈಟು ಉರುಳಿಸುವುದಕ್ಕೆ ಅದು ಸರಿ. ನಿಮ್ಮ ಮನೆ ಕಾಯುವುದಕ್ಕೆ ಅಲ್ಲ. ಹೆಸರು ಗೊತ್ತಿಲ್ಲದವನ ಕೈಗೆ ಆಸ್ಪತ್ರೆಯ ಸರ್ವರ್ ಪಾಸ್‌ವರ್ಡ್ ಯಾರು ಕೊಡುತ್ತಾರೆ? ಜೊತೆಗೆ, ಬೇರೆ ದೇಶದಲ್ಲಿ ಕೂತು ಹೀಗೆ ದಾಳಿ ಮಾಡುವವನು ತನ್ನ ದೇಶದ ಕಾನೂನನ್ನೇ ಮುರಿಯುತ್ತಿರಬಹುದು. ಯುದ್ಧ ಶುರುವಾಗುವ ಒಂದು ವಾರ ಮೊದಲು ಕಾನೂನು ಬದಲಿಸಿ ಸರ್ಕಾರಿ ಡೇಟಾವನ್ನು ಹೊರದೇಶದ ಕ್ಲೌಡ್‌ಗೆ ಸಾಗಿಸಲು ದಾರಿ ಮಾಡಿದ್ದು ಉಕ್ರೇನಿಗೆ ಇದಕ್ಕಿಂತ ಹೆಚ್ಚು ನೆರವಾಯಿತು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಸುದ್ದಿ ಆಗುವಂಥದ್ದು ಏನೂ ಇರಲಿಲ್ಲ.

ಒಂದು ದೇಶ ಸಿದ್ಧವಾಗಿದೆಯಾ ಅಂತ ಹೊರಗಿನಿಂದ ಹೇಗೆ ತಿಳಿಯೋದು?

ಹುದ್ದೆಗಳ ಸಂಖ್ಯೆ ನೋಡಬೇಡಿ. ಮಂಜೂರಾದ ಹುದ್ದೆ ಬೇರೆ, ಭರ್ತಿಯಾದ ಹುದ್ದೆ ಬೇರೆ, ಕೆಲಸ ಬಲ್ಲವರು ಕೂತಿರುವ ಹುದ್ದೆ ಬೇರೆ. ಭಾಷಣದಲ್ಲಿ ಬರುವುದು ಮೊದಲನೆಯದು. ಜಪಾನ್ ತನ್ನ ಮುಖ್ಯ ಸೈಬರ್ ಪಡೆಯನ್ನು 2027ರ ಸಾಲಿಗೆ 4,000ಕ್ಕೆ ಏರಿಸುತ್ತೇನೆ ಎಂದಿದೆ. ಒಳ್ಳೆಯದೇ. 2023ರ ಸಾಲಿನಲ್ಲಿ ಒಟ್ಟು ನೇಮಕಾತಿಯೇ ಅರ್ಧಕ್ಕೆ ನಿಂತಿತ್ತು, ಹಾಗಿದ್ದಾಗ ಆ 4,000 ಯಾವ ಘಟಕದಿಂದ ಬರುತ್ತಾರೆ ಅನ್ನುವುದು ನೋಡಬೇಕಾದ ಅಂಕಿ.

ಇನ್ನೊಂದು, ಎಲ್ಲ ಕೆಟ್ಟ ಮೇಲೆ ಮತ್ತೆ ಕಟ್ಟಲು ಎಷ್ಟು ದಿನ ಬೇಕು ಅಂತ ಯಾರಾದರೂ ನಿಜವಾಗಿ ಮಾಡಿ ನೋಡಿದ್ದಾರಾ? 2017ರಲ್ಲಿ ಕಂಪ್ಯೂಟರ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡಿದ ನಾಟ್‌ಪೆಟ್ಯ ಎಂಬ ವೈರಸ್ ದಾಳಿಯಲ್ಲಿ ಮರ್ಸ್ಕ್ ಹಡಗು ಕಂಪನಿ ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್ ಹೊಸದಾಗಿ ಹಾಕಿತು. ಹಣ ಇತ್ತು, ಕರೆದರೆ ಬರುವ ಜನ ಇದ್ದರು. ಹತ್ತು ಕಡೆ ಒಟ್ಟಿಗೆ ಹೀಗಾದರೆ ಅದೇ ಜನರನ್ನು ಹತ್ತೂ ಕಡೆಯವರು ಕರೆಯುತ್ತಾರೆ. ಮತ್ತೆ ಅದೇ, ಒಬ್ಬರನ್ನೇ ಎರಡು ಕಡೆ ಎಣಿಸುವ ಕಥೆ.

ನನಗೆ ಕನ್ನಡಕ ಇದೆ, ಓಡೋಕೂ ಆಗಲ್ಲ. ಈ ಕೆಲಸಕ್ಕೆ ನನಗೆ ಜಾಗ ಇದೆಯಾ?

ಸೈನ್ಯದಲ್ಲಿ ಇದೆಯಾ ಅನ್ನುವುದು ದೇಶದ ನಿಯಮದ ಮೇಲಿದೆ. ಅಮೆರಿಕದ ಮರೀನ್ ಪಡೆ 2019ರಲ್ಲಿ ಸೈಬರ್ ಸಹಾಯಕರ ತಂಡ ಶುರು ಮಾಡಿದಾಗ ಕೂದಲು, ತೂಕ, ಓಟ ಯಾವುದನ್ನೂ ಕೇಳಲಿಲ್ಲ. ಸಂಬಳವನ್ನೂ ಕೊಡಲಿಲ್ಲ, ಬರೀ ಸಲಹೆ ಮತ್ತು ತರಬೇತಿಯ ಕೆಲಸ. ಸೈನ್ಯದ ಹೊರಗಂತೂ ನೀರು ಸರಬರಾಜು, ಆಸ್ಪತ್ರೆ, ನಗರ ಆಡಳಿತ, ಎಲ್ಲ ಕಡೆ ಆ ಕುರ್ಚಿ ಖಾಲಿ ಇದೆ. ಸಂಬಳ ಬ್ಯಾಂಕಿನಷ್ಟು ಇರುವುದಿಲ್ಲ. ರಾತ್ರಿ ಪಾಳಿ ಇರುತ್ತದೆ. ಸೇರುವ ಮೊದಲು ಒಂದು ಮಾತು ಕೇಳಿಕೊಳ್ಳಿ: ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ? ಒಬ್ಬರೇ ಅಂದರೆ ಬೇರೆ ಕಡೆ ನೋಡಿ.